ಚಿಗುರಿದ ಬೇಲಿ

ಜಾಲ್ಸೂರಿನಿಂದ ಬಸ್ಸು ಹಿಡಿದು ನಾನು ಕಾಲೇಜಿಗೆ ಹೋಗುತ್ತಿದ್ದ ಎಂಬತ್ತರ ದಶಕದ ಆರಂಭದಲ್ಲಿ ವನಮಹೋತ್ಸವ ಒಂದು ವರ್ಷವೂ ತಪ್ಪಿದ್ದಿಲ್ಲ. ಒಂದು ಮಳೆಗಾಲ ಅತಿಥಿಯೊಬ್ಬರು ಬಂದು ಕಾಲೇಜಿನ ಬೋಳುಗುಡ್ಡೆಯಲ್ಲಿ ಮಾವಿನ ಸಸಿಗಳನ್ನು ನೆಟ್ಟು, ಕೈ ತೊಳೆದುಕೊಂಡು, ಹಸಿರಿನ ಬಗ್ಗೆ ಮೈಕಿನಲ್ಲಿ ಬೇಕಾದಷ್ಟು ಮಾತಾಡಿ ಹೋದರು. ದನ ತಿನ್ನಬಾರದೆಂದು ನಾವು ವಿದ್ಯಾರ್ಥಿಗಳು ತೋಟಕ್ಕೆ ಸೊಪ್ಪು ಹಾಕಲು ಬೆಳೆಸುವ ಗೊಬ್ಬರದ ಗಿಡದ ಹಸಿ ಕೊಂಬೆಗಳನ್ನು ಕಡಿದು ತಂದು, ಸಸಿಗಳ ಸುತ್ತ ಊರಿ ಬೇಲಿ ಕಟ್ಟಿದೆವು.

ಬೇಸಿಗೆಯಲ್ಲಿ ನೀರು ಹಾಕುವ ನೆನಪು ಯಾರಿಗೂ ಆಗಲಿಲ್ಲ. ಸಸಿಗಳೆಲ್ಲ ಒಣಗಿದವು. ಬೇಲಿಗೂ ಯಾರೂ ನೀರು ಹಾಕಿರಲಿಲ್ಲ. ಅದು ಮಾತ್ರ ಬೇರು ಬಿಟ್ಟು, ಚಿಗುರಿ, ಆಳೆತ್ತರ ಬೆಳೆದು ನಿಂತಿತು.

ಮುಂದಿನ ವನಮಹೋತ್ಸವದ ಮುನ್ನಾದಿನ ಪ್ರಾಂಶುಪಾಲರು ಗುಡ್ಡೆ ನೋಡಲು ಬಂದರು.

"ಇದೆಂತ ಕಾಡು? ನಾಳೆ ಗಿಡ ಎಲ್ಲಿ ನೆಡುದು?"

"ಒಳ್ಳೆ ನೆರಳುಂಟಲ್ಲ ಸರ್, ಇರ್ಲಿ" ಎಂದೆ.

"ಅದು ಬೇಲಿ ಮಾರಾಯ. ಅದನ್ನು ಯಾರು ಉದ್ಘಾಟನೆ ಮಾಡಿದ್ದು?"

ಸಂಜೆಯೊಳಗೆ ಎಲ್ಲವನ್ನೂ ಕಡಿದು ಗುಡ್ಡೆಯನ್ನು ಮೊದಲಿನಂತೆ ಬೋಳು ಮಾಡಿದೆವು. ಮರುದಿನ ಬಂದ ಹೊಸ ಅತಿಥಿಗಳು ಸುತ್ತ ಕಣ್ಣಾಡಿಸಿ, ಇಷ್ಟು ದೊಡ್ಡ ಜಾಗದಲ್ಲಿ ಒಂದು ಮರವೂ ಇಲ್ಲವಲ್ಲ ಎಂದು ಬಹಳ ನೊಂದುಕೊಂಡು ಗಿಡ ನೆಟ್ಟರು.