ಡೇರೆ ಮುಚ್ಚಿಸಿದ ನಿಂಗಮ್ಮ

ನಿಂಗಮ್ಮ ಪಿರಿಯಾಪಟ್ಟಣದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಮಾದನ ಜೊತೆ ಪಾಲಿಬೆಟ್ಟದ ಹತ್ತಿರದ ಕಾರೆಬೈಲು ಎಸ್ಟೇಟಿಗೆ ಕೂಲಿಗೆ ಬಂದಳು. ಕೊಡಗು ಆಗ ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯ. ತೋಟದ ಲೈನಿನಲ್ಲಿ, ಕೂಲಿಯವರ ಆ ಸಾಲುಮನೆಯಲ್ಲಿ, ಅವರಿಗೊಂದು ಕೋಣೆ ಸಿಕ್ಕಿತು. ಮಾದ ಮರಗಸಿಯಲ್ಲಿ ಎತ್ತಿದ ಕೈ. ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳುಮರದ ಕೊಂಬೆ ಸವರುವ ಕೆಲಸ ಅದು. ಮರದ ತುದಿಯಲ್ಲಿ ನಿಂತವನು ಕೆಳಗೆ ಕಳೆ ಕೀಳುತ್ತಿದ್ದ ಹೆಂಗಸರಿಗೆ ತೋಟದ ಲೆಕ್ಕ ಬರೆಯುವ ರೈಟರನ ದನಿ ಅಣಕಿಸಿ ತೋರಿಸುತ್ತಿದ್ದ. ನಗದವರಿರಲಿಲ್ಲ. ಮಗಳು ಮುತ್ತಮ್ಮ ಹುಟ್ಟಿದ ಮೇಲೆ ಅವಳನ್ನು ಹೆಗಲಿಂದ ಇಳಿಸಿದ್ದೇ ಅಪರೂಪ.

ಸಂತೆಮಾಳದ ಅಂಚಿನಲ್ಲಿ ಧರ್ಮಪಾಲನ ಡೇರೆ ಎದ್ದದ್ದು ಆಮೇಲೆ. ಘಟ್ಟದ ಕೆಳಗಿನಿಂದ ಬಟ್ಟೆ ವ್ಯಾಪಾರಕ್ಕೆ ಬಂದವನು, ಅದು ಕೈಹತ್ತದೆ ಜೂಜಿಗೆ ಇಳಿದಿದ್ದ. ಆರು ಚಿತ್ರಗಳ ಪಟ ಹಾಸಿ, ಡಬ್ಬಿಯಲ್ಲಿ ದಾಳ ಕುಲುಕಿ ಬೋರಲು ಹಾಕುವ ಆಟ. ಮೊದಲ ಸಲ ಮಾದ ಗೆದ್ದು, ಹೆಂಡತಿಗೆ ಬಾಚಣಿಗೆ, ಮಗಳಿಗೆ ಜಿಲೇಬಿ ತಂದ. ಆಮೇಲೆ ವಾರದ ಕೂಲಿ ಮನೆಗೆ ಬರುವುದು ನಿಂತಿತು. ಕುಡಿಯುವವನಲ್ಲ, ಹೆಂಡತಿಯ ಮೇಲೆ ಕೈ ಮಾಡುವವನೂ ಅಲ್ಲ. ಬಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ.

"ಇವತ್ತು ಬಂದೇ ಬತ್ತದೆ ಅನ್ನಿಸ್ತು ನಿಂಗಿ," ಎನ್ನುತ್ತಿದ್ದ. ಅವಳು ರೇಗಿದರೆ, "ಕ್ಲಬ್ಬಲ್ಲಿ ದೊರೆಗಳೂ ಆಡ್ತಾರೆ. ಅವ್ರನ್ನ ಯಾರು ಕೇಳ್ತಾರೆ?" ಎಂದು ಮಗ್ಗುಲಾಗುತ್ತಿದ್ದ.

ಒಂದು ಭಾನುವಾರ ಮಗುವಿನ ಸೊಂಟದ ಬೆಳ್ಳಿ ಉಡಿದಾರ ಕಾಣೆಯಾಯಿತು. ನಿಂಗಮ್ಮ ಅಳಲಿಲ್ಲ. ಪಕ್ಕದ ಕೋಣೆಯ ಕಾಮಾಕ್ಷಮ್ಮನನ್ನೂ ಲೈನಿನ ಇತರ ಹೆಂಗಸರನ್ನೂ ಕಟ್ಟಿಕೊಂಡು, ಊರಿಗೆ ಕ್ಯಾಂಪು ಬಂದಿದ್ದ ಸರ್ಕಾರಿ ಸಾಹೇಬರ ಮುಂದೆ ಹೋಗಿ ನಿಂತಳು. ಧರ್ಮಪಾಲನೂ ಅಲ್ಲಿದ್ದ. ಸರ್ಕಾರಕ್ಕೆ ಫೀಸು ಕಟ್ಟುತ್ತೇನೆ, ಪರವಾನಗಿ ಕೊಡಿ ಎಂದು ಕೇಳಲು ಬಂದಿದ್ದ.

ಸಾಹೇಬರು ಒಳ್ಳೆಯವರು. "ಮುಚ್ಚಿಸಿದ್ರೆ ಕದ್ದು ಆಡ್ತಾರಮ್ಮ," ಎಂದರು. "ಪರವಾನಗಿ ಕೊಟ್ಟು, ಪೊಲೀಸಿನವನನ್ನ ಕೂರಿಸಿ, ಹೊತ್ತು ಮುಳುಗೋ ಮುಂಚೆ ನಿಲ್ಲಿಸಿದ್ರೆ ನಮ್ಮ ಕಣ್ಣ ಮುಂದಾದ್ರೂ ಇರುತ್ತೆ."

"ನಿಮ್ಮ ಕಣ್ಮುಂದೆ ಇದ್ರೆ ನಮ್ಮ ಮಕ್ಕಳ ಹೊಟ್ಟೆ ತುಂಬ್ತದಾ ಬುದ್ಧಿ?" ಎಂದಳು ನಿಂಗಮ್ಮ. "ಮುಚ್ಸಿ."

ಸಾಹೇಬರು ಕೊನೆಗೆ ಅವಳ ಮಾತಿಗೇ ಒಪ್ಪಿದರು, ಡೇರೆ ಮುಚ್ಚಿತು. ಮಾದ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನಾಗಿ ಸರಿಹೋದ. ಲೈನಿನ ಹಿಂದೆ ಅವರೆ ಬಳ್ಳಿ ಹಬ್ಬಿಸಿದ. ಆ ಬೇಸಿಗೆಯಷ್ಟು ನೆಮ್ಮದಿಯನ್ನು ನಿಂಗಮ್ಮ ಮೊದಲು ಕಂಡಿರಲಿಲ್ಲ.

ಮಳೆ ಹಿಡಿಯುತ್ತಲೂ ಸುದ್ದಿ ಬಂತು. ಲೈನಿನ ಕೆಳಗೆ ಹರಿಯುವ ತೋಡಿನ ಆಚೆ, ಬಿದಿರುಮೆಳೆಯ ನಡುವೆ ಟಾರ್ಪಾಲು ಕಟ್ಟಿ ಯಾರೋ ಮತ್ತೆ ಪಟ ಹಾಸಿದ್ದರು. ಮಾದ ಭಾನುವಾರ ಊಟ ಮಾಡಿ ಎದ್ದರೆ ಸಂಜೆಯೇ ಬರುತ್ತಿದ್ದ. ಕೇಳಿದರೆ ಬಿದಿರಿನ ಎಳೆ ಕಳಲೆ ಹುಡುಕಲು ಹೋಗಿದ್ದೆ ಎನ್ನುತ್ತಿದ್ದ. ಒಮ್ಮೊಮ್ಮೆ ನಿಜಕ್ಕೂ ಒಂದು ಹಿಡಿ ಕಳಲೆ ತರುತ್ತಿದ್ದ.

ನಿಂಗಮ್ಮ ತಡೆಯಲಾರದೆ ಸಂತೆ ದಾರಿಯಲ್ಲಿ ಕಾನ್‌ಸ್ಟೇಬಲ್ ಕೂಸಪ್ಪನನ್ನು ನಿಲ್ಲಿಸಿದಳು. ಅವನು ಭಾಗಮಂಡಲದ ಕಡೆಯ ಗೌಡ, ಬಡವರನ್ನು ಗದರಿಸದ ಮನುಷ್ಯ.

"ಅಣ್ಣಾ, ತೋಡಿನ ಆಚೆ ಆಡ್ತಾವ್ರೆ. ಹೊಡೀಬ್ಯಾಡಿ. ಒಂದು ಸಲ ಹೆದರ್ಸಿ ಬುಡಿ, ಸಾಕು."

"ಆಯ್ತು ತಂಗಿ, ನಾ ನೋಡ್ತೇನೆ," ಎಂದ ಕೂಸಪ್ಪ.

ಮುಂದಿನ ಭಾನುವಾರ ಮಧ್ಯಾಹ್ನ ಮಳೆ ತುಸು ಬಿಡುವು ಕೊಟ್ಟಿತ್ತು. ಬಿದಿರಿನ ಕಡೆಯಿಂದ ಸೀಟಿಯ ಸದ್ದು ಕೇಳಿದಾಗ ನಿಂಗಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಇವತ್ತು ಬೇಗ ಬರುತ್ತಾನೆ, ನೆನೆದಿರುತ್ತಾನೆ ಎಂದುಕೊಂಡು ಸ್ನಾನಕ್ಕೆ ನೀರು ಕಾಯಲಿಟ್ಟಳು.

ಸೀಟಿ ಕೇಳಿದವರೆಲ್ಲ ಗುಡ್ಡದ ಕಡೆ ಓಡಿದ್ದರು. ಮಾದ ಒಬ್ಬನೇ ಮನೆಯ ಕಡೆ ಓಡಿದ. ಸಿಕ್ಕಿಬಿದ್ದರೆ ತೋಟದಿಂದ ಹೊರಹಾಕುತ್ತಾರೆ, ಹೆಂಡತಿ ಮಗು ಬೀದಿಗೆ ಬೀಳುತ್ತಾರೆ ಎಂಬ ಭಯ ಅವನಿಗೆ. ಬರುವಾಗ ದಾಟಿದ್ದ ತೋಡು ಈಗ ಏರಿ, ಕೆಂಪಾಗಿ ದಡ ಮೀರಿ ಹರಿಯುತ್ತಿತ್ತು. ಅವನು ಅದಕ್ಕೆ ಹಾರಿದ. ಕೂಸಪ್ಪ ಲಾಠಿ ಬಿಸಾಡಿ ಹಿಂದೆಯೇ ನೀರಿಗಿಳಿದರೂ ಅಂಗಿಯ ತುದಿಯೂ ಸಿಗಲಿಲ್ಲ. ಮರುದಿನ ಕೆಳಗಿನ ಗದ್ದೆಯ ಕಟ್ಟೆಯಲ್ಲಿ ಹೆಣ ಸಿಕ್ಕಿತು.

ಕೂಸಪ್ಪ ಬಂದು ಹೊಸ್ತಿಲ ಹೊರಗೇ ನಿಂತ. "ನಾ ಓಡ್ಸಿಲ್ಲೆ ತಂಗಿ. ಸೀಟಿ ಊದಿದ್ದು, ಅಷ್ಟೇ."

"ಊದಿ ಅಂದೋಳು ನಾನೇ ಅಲ್ವಾ ಅಣ್ಣಾ," ಎಂದಳು. ಆ ಮಾತನ್ನು ಲೈನಿಗೆಲ್ಲ ಕೇಳುವಂತೆ ಹೇಳಿದಳು. ಕೆಲವರು ಆಮೇಲೆ ಅವಳೊಂದಿಗೆ ಮಾತು ಬಿಟ್ಟರು.

ತಿಥಿ ಕಳೆದ ಮೇಲೆ ಧರ್ಮಪಾಲ ಒಂದು ಚೀಲ ಅಕ್ಕಿ ಹೊರಿಸಿಕೊಂಡು ಬಂದ. ಕುಹಕಕ್ಕೆ ಬಂದವನಲ್ಲ, ಅವನಿಗೂ ಮಾದನೆಂದರೆ ಇಷ್ಟವಿತ್ತು. "ನನ್ನ ಡೇರೆ ಇದ್ದಿದ್ರೆ ಅವ ಬದುಕ್ತಿದ್ದ, ಅಲ್ವಾ?" ಎಂದ.

"ಬದುಕಿರ್ತಿದ್ದ," ಎಂದಳು ನಿಂಗಮ್ಮ. "ನಿಮ್ಮ ಡೇರೇಲೇ ಇರ್ತಿದ್ದ." ಅಕ್ಕಿಯನ್ನು ಒಳಗೆ ತೆಗೆದುಕೊಳ್ಳಲಿಲ್ಲ.

ಬೇಸಿಗೆಯಲ್ಲಿ ಸಾಹೇಬರು ಮತ್ತೆ ಬಂದಾಗ ತಾವೇ ಅವಳನ್ನು ಕರೆಸಿದರು. ಪರವಾನಗಿಯ ಮಾತು ಪುನಃ ಎದ್ದಿತ್ತು. ಈಗ ಏನು ಹೇಳ್ತೀಯಮ್ಮ ಎಂದು ಮೆತ್ತಗೆ ಕೇಳಿದರು.

"ಡೇರೆ ಬ್ಯಾಡ ಬುದ್ಧಿ. ಇನ್ನೊಂದು ಮಗೀನ ಉಡಿದಾರ ಹೋಗೋದು ಬ್ಯಾಡ. ಆದ್ರೆ ಆಡೋರ್ನ ಅಟ್ಟಬ್ಯಾಡಿ. ಪಟ ಹಾಸೋನ್ನ ಹಿಡೀರಿ."

ಪರವಾನಗಿ ಕೊಡಲಿಲ್ಲ. ಅವಳ ಉಳಿದ ಮಾತು ಯಾರಿಗೆ ತಲುಪಿತೋ ತಿಳಿಯದು. ಮಳೆಗಾಲ ಬಂತು, ಬಿದಿರುಮೆಳೆಯಲ್ಲಿ ಆಟವೂ ಶುರುವಾಯಿತು. ನಿಂಗಮ್ಮ ಈ ಸಲ ಕೂಸಪ್ಪನ ಹತ್ತಿರ ಹೋಗಲಿಲ್ಲ. ರೈಟರನನ್ನು ಕಾಡಿ ಬೇಡಿ, ಬಿದ್ದಿದ್ದ ಎರಡು ಮರದ ದಿಮ್ಮಿಗಳನ್ನು ತೋಡಿಗೆ ಅಡ್ಡ ಹಾಕಿಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿಸಿದಳು.

ಕಾಮಾಕ್ಷಮ್ಮ ಜಗಳಕ್ಕೇ ಬಂದಳು. ಅವಳ ಗಂಡನಿಗೂ ಆಟದ ಹುಚ್ಚು ಹತ್ತಿತ್ತು. "ಜೂಜಾಡೋಕೆ ಹೋಗೋರಿಗೆ ಸೇತುವೆ ಹಾಕ್ತೀಯಾ?"

"ಹೋಗೋರ್ಗಲ್ಲ ಕಣಕ್ಕ. ವಾಪಸ್ ಬರೋರ್ಗೆ."

ಆ ಮಳೆಗಾಲ ಯಾರೂ ಸಾಯಲಿಲ್ಲ. ಕಾಮಾಕ್ಷಮ್ಮನ ಗಂಡ ಭಾನುವಾರ ಸಂಜೆ ಬರಿಗೈಯಲ್ಲಿ ದಿಮ್ಮಿ ದಾಟಿ ಬರುತ್ತಿದ್ದ. ಅವಳು ಬಾಗಿಲಲ್ಲೇ ಅವನನ್ನು ನಿಲ್ಲಿಸಿ, ಅವನ ವಂಶವನ್ನೆಲ್ಲ ಎಳೆದು ಬೈಯುವುದು ಗೋಡೆಯಾಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಿಂಗಮ್ಮ ಮಗಳನ್ನು ಮಡಿಲಿಗೆಳೆದುಕೊಂಡು, ಕೈಕೆಲಸ ಬಿಟ್ಟು, ಆ ಬೈಗುಳ ಮುಗಿಯುವವರೆಗೂ ಕೇಳುತ್ತ ಕೂರುತ್ತಿದ್ದಳು.