ಕಾಂತಕ್ಕನ ಚಾಳೀಸು ಮಂಜಾದಾಗ

ವಡಗಾವಿಯ ನೇಕಾರರ ಮನೆಯಲ್ಲಿ ಹುಟ್ಟಿದ ಕಾಂತಾ, ಬೆಳಗಾವಿಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸೂಕ್ಷ್ಮದರ್ಶಕದಡಿ ನೋಡಲೆಂದು ಗಡ್ಡೆಗಳ ತೆಳುಪದರವನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಿದ್ದಾರೆ. ಅವರ ಕನ್ನಡಕದ್ದೊಂದು ವಿಶೇಷ: ವೈದ್ಯರು ತಪ್ಪಿದಾಗಲೆಲ್ಲ ಅದು ಮಂಜಾಗುತ್ತದೆ. ‘ನೀವು ತಪ್ಪಿದಿರಿ’ ಎಂದು ಅವರು ಯಾರಿಗೂ ಹೇಳಿದ್ದಿಲ್ಲ. ‘ನನಗ ಕಾಣವಲ್ದು, ನೀವ ನೋಡ್ರಿ’ ಎನ್ನುತ್ತಾರೆ. ವೈದ್ಯರು ನೋಡಿ, ತಪ್ಪನ್ನು ತಾವೇ ಕಂಡುಹಿಡಿದ ಹೆಮ್ಮೆಯಲ್ಲಿ ಕೆಮ್ಮುತ್ತಾರೆ.

ಕಳೆದ ಆಷಾಢದಲ್ಲಿ, ಖಾನಾಪುರದಲ್ಲಿ ಎಮ್ಮೆ ಸಾಕುವ ಮಾಯಕ್ಕನೆಂಬ ಮುದುಕಿಯ ಕಂಕುಳಿನ ಗಡ್ಡೆಯ ಚೂರು ಬಂತು. ಕ್ಯಾನ್ಸರೆಂಬುದು ಖಚಿತ; ಹುಟ್ಟಿದ್ದೆಲ್ಲಿ ಎಂಬುದು ಗೊತ್ತಿರಲಿಲ್ಲ. ಎದೆಯಲ್ಲಿ ಗಂಟೇನೂ ಸಿಕ್ಕಿರಲಿಲ್ಲ. ಮೂಲ ತಿಳಿಯದೆ ಸರಿಯಾದ ಔಷಧವನ್ನು ಆರಿಸುವಂತಿಲ್ಲ. ಸ್ತನಮೂಲದ ಜೀವಕೋಶಗಳನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯವೊಂದಿದೆ. ಅದರ ಹನಿ ಹಾಕಿದರೆ, ಅಂಟಿದಲ್ಲಿ ಕಂದುಬಣ್ಣ ಮೂಡಬೇಕು. ಮೂಡಲಿಲ್ಲ.

ಯುವ ವೈದ್ಯೆ ಪೂರ್ಣಿಮಾ ‘ಸ್ತನಮೂಲದ್ದಿರಲಾರದು’ ಎಂದು ಬರೆಯತೊಡಗಿದರು.

“ಡಾಕ್ಟರ್ರ, ನನ್ನ ಚಾಳೀಸು ಮಂಜಾಗೈತಿ,” ಎಂದರು ಕಾಂತಾ. “ಅದ ಗಾಜಿನ ತುದಿಗೆ ಇನ್ನೊಂದ ಚೂರ ಐತಲ್ರಿ, ಅದರ ಬಣ್ಣ ಯಾವದ್ರಿ?”

ಸ್ತನದ್ದೇ ಎಂದು ಮೊದಲೇ ಗೊತ್ತಿದ್ದು, ಬಣ್ಣ ಹತ್ತಲೇಬೇಕೆಂದು ಸಾಕ್ಷಿಗೆ ಕೂರಿಸಿದ್ದ ಬೇರೊಬ್ಬರ ಚೂರು ಅದು. ಪೂರ್ಣಿಮಾ ಇಣುಕಿದರು, ಕೆಮ್ಮಿದರು. ಅದಕ್ಕೂ ಬಣ್ಣ ಹತ್ತಿರಲಿಲ್ಲ.

“ಅಂದ್ರ ನಮ್ಮ ಕೆಲಸಾನ ಕೆಟ್ಟೈತಿ, ಗಡ್ಡಿ ಇನ್ನೂ ಏನೂ ಹೇಳಿಲ್ಲ. ಹನಿ ಹಾಕಿದವರ್ಯಾರು, ಕಾಂತಕ್ಕಾ?”

ಕಾಂತಾ ತಾವು ಬಳಸಿದ ಬಾಟಲಿಯನ್ನು ತೋಳುದ್ದ ದೂರ ಹಿಡಿದು ಓದಿದರು.

“ನಾನಽ ರೀ. ಬಾಜೂಕಿದ್ದ ಬ್ಯಾರೆ ಬಾಟ್ಲಿ ಹಾಕೀನಿ. ಈ ಸಲ ಖರೇನ ಮಂಜಾಗಿತ್ತು.”

ನಗಲು ಹೋದ ಪೂರ್ಣಿಮಾ, ತಾವು ಬರೆದ ಸಾಲನ್ನು ಕಂಡು ಅದನ್ನು ಅಳಿಸಿದರು.

ಹೊಸದಾಗಿ ಹಾಕಿದಾಗ ಎರಡೂ ಚೂರುಗಳು ಕಂದಾದವು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ವರದಿಗೆ ಮಾಯಕ್ಕ ತಾನೇ ಬಸ್ಸಿಳಿದು ಬಂದಳು.

“ಆಯಿ, ಇದು ಎದಿಯಾಗ ಹುಟ್ಟಿದ್ದರಿ. ಅದಕ್ಕ ತಕ್ಕ ಔಷಧ ಐತಿ,” ಎಂದರು ಪೂರ್ಣಿಮಾ.

“ಆರ ಮಕ್ಕಳನ್ನ ಸಾಕಿದ ಎದಿ, ಇದನ್ನೂ ಸಾಕೈತಿ. ಕೇಳಬಾರದಿತ್ತೇನು ನನ್ನ? ಇರಲಿ, ಎರಡ ದಿನಾ ತಡಾ ಯಾಕಾತು?”

ಪೂರ್ಣಿಮಾ ತಪ್ಪನ್ನು ಯಂತ್ರದ ಮೇಲೆ ಹಾಕುವವರಂತೆ ಸೂಕ್ಷ್ಮದರ್ಶಕದ ಕಡೆ ನೋಡಿದರು. ಕಾಂತಾ ಮುಂದೆ ಬಂದರು.

“ತಪ್ಪ ನಂದ, ಆಯಿ. ಬ್ಯಾರೆ ಬಾಟ್ಲಿ ಹಾಕಿದ್ದೆ. ಮತ್ತ ಮಾಡೀವಿ, ಈಗ ಖಾತ್ರಿ ಐತಿ.”

ಮಾಯಕ್ಕ ಅವರನ್ನು ಮೇಲಿಂದ ಕೆಳಗೆ ಅಳೆದು, ಹತ್ತಿರ ಸರಿದು ದನಿ ತಗ್ಗಿಸಿದಳು.

“ಹೇಳಿದಿ, ಛಲೋ ಆತು ತಂಗಿ. ನಾನೂ ಒಮ್ಮೆ ನಸುಕಿನ್ಯಾಗ ಹಾಲ ಹಿಂಡಾಕಂತ ಕೋಣದ ಕೆಳಗ ಚರಿಗಿ ಹಿಡಕೊಂಡ ಕುಂತಿದ್ದೆ. ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ.”