ರಟ್ಟು ಬಾಗಿದ ಹೊತ್ತು

ಗ್ರಂಥಾಲಯದ ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ ಮೂವತ್ತೊಂದು ವರ್ಷ ರಟ್ಟು ಕತ್ತರಿಸಿ, ಬಟ್ಟೆ ಅಂಟಿಸಿ, ಹರಿದ ಪುಸ್ತಕಗಳಿಗೆ ಹೊಸ ಮೈ ಕೊಟ್ಟವಳಿಗೆ ಎಲ್ಲರೂ ಇಟ್ಟ ಹೆಸರು ರಟ್ಟಕ್ಕ. ಅವಳು ಮಾಡಿದ ರಟ್ಟಿನ ಹೊದಿಕೆಯನ್ನು ಮೇಜಿನ ಮೇಲಿಟ್ಟರೆ ಅಡಿಯಲ್ಲಿ ಒಂದು ಹಾಳೆ ತೂರಿಸುವಷ್ಟೂ ಸಂದಿ ಇರುತ್ತಿರಲಿಲ್ಲ. ಬೇರೆಯವರ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಕಂಡರೂ ಬಿಡುವ ಹೆಂಗಸಲ್ಲ ಅವಳು.

ಅಂಥವಳ ಹೊದಿಕೆಗಳೇ ಎರಡು ತಿಂಗಳಿಂದ ಬಾಗತೊಡಗಿದ್ದವು. ಹತ್ತು ಮಾಡಿದರೆ ಮೂರೋ ನಾಲ್ಕೋ ಸಂಜೆಯ ಹೊತ್ತಿಗೆ ದೋಣಿಯ ಹಾಗೆ ಮೂಲೆ ಎತ್ತಿಕೊಂಡು ಕೂತಿರುತ್ತಿದ್ದವು. ಅಂಟು ಬದಲಿಸಿದಳು, ರಟ್ಟು ಬದಲಿಸಿದಳು, ಬ್ರಷ್ ಬದಲಿಸಿದಳು. ಬದಲಿಸಲಾಗದೆ ಉಳಿದದ್ದು ಅವಳ ಕೈ ಒಂದೇ. ಬಲಗೈಯ ಹೆಬ್ಬೆರಳು ಬೆಳಗಿನ ಹೊತ್ತು ಬಿಗಿಯುತ್ತಿತ್ತು ಬೇರೆ. ಅಂಟು ಒಂದೇ ಸಮ ಬೀಳುತ್ತಿಲ್ಲ, ಕೈಯ ಹದ ತಪ್ಪಿದೆ ಎಂದು ಅವಳು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಮನೆಯಲ್ಲಿದ್ದವನು ಗಂಡ. ಬಸ್ ಓಡಿಸಿ ನಿವೃತ್ತನಾದವನಿಗೆ ಈಗ ಕ್ಯಾಮೆರಾ ಹುಚ್ಚು. ತಾರಸಿಯಲ್ಲಿ ಟ್ರೈಪಾಡ್ ನಿಲ್ಲಿಸಿ, ಮೋಡಗಳ ಫೋಟೋಗಳನ್ನು ಒಂದರ ಹಿಂದೊಂದು ತೆಗೆದು, ಎಲ್ಲವನ್ನೂ ಸೇರಿಸಿ ವಿಡಿಯೊ ಮಾಡುವುದು ಅವನ ಹೊಸ ಕೆಲಸ. ಟೈಮ್‌ಲ್ಯಾಪ್ಸ್ ಅಂತೆ ಅದರ ಹೆಸರು. ಎರಡು ಗಂಟೆಯ ಮೋಡ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಹೋಗುತ್ತಿತ್ತು.

"ಮೋಡಕ್ಕೇ ಇಲ್ದಿರೋ ಅವಸರ ನಿಮಗ್ಯಾಕ್ರೀ?" ಎಂದು ರಟ್ಟಕ್ಕ ಛೇಡಿಸುತ್ತಿದ್ದಳು.

ಆದರೆ ಒಂದು ಸಂಜೆ ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತಳು. "ತಿಂಗಳ ಕೊನೆಗೆ ಕೆಲಸ ಬಿಟ್ಬಿಡ್ತೀನಿ. ನನ್ನ ಕೈ ಹೋಯ್ತು ಕಣ್ರೀ. ಯಾರಾದ್ರೂ ಬಾಯಿಬಿಟ್ಟು ಹೇಳೋ ಮುಂಚೆ ನಾನೇ ಹೋಗೋದು ವಾಸಿ."

ಗಂಡ ಸಮಾಧಾನ ಹೇಳಲು ಹೋಗಲಿಲ್ಲ. ಅದು ಅವನಿಗೆ ಬರುವುದೂ ಇಲ್ಲ. "ಬಾಗೋದು ಯಾವಾಗ?" ಎಂದ.

"ಯಾರಿಗ್ರೀ ಗೊತ್ತು? ಅಂಟಿಸಿ, ಒಂದು ಗಂಟೆ ಪ್ರೆಸ್ಸಲ್ಲಿ ಒತ್ತಿಟ್ಟು ತೆಗೆದಾಗ ಸರಿಯಾಗೇ ಇರುತ್ತೆ. ಒಣಗೋಕೆ ಮೇಜಿನ ಮೇಲೆ ಸಾಲಾಗಿ ಇಡ್ತೀನಿ. ಸಂಜೆ ನೋಡಿದ್ರೆ ಈ ಗತಿ."

"ಕಣ್ಣಿಗೆ ಕಾಣದಷ್ಟು ನಿಧಾನ ಅಂದ್ಮೇಲೆ ಅದು ನನ್ನ ಇಲಾಖೆ ಕಣೇ. ನೋಡೇ ಬಿಡೋಣ."

ಬೈಂಡಿಂಗ್ ಕೋಣೆಯಲ್ಲಿ ಕ್ಯಾಮೆರಾ ಇಡಲು ಗ್ರಂಥಪಾಲಕರು ಹೂಂ ಅಂದರು. ಮೊದಲ ದಿನ ಅವನು ಸೆಕೆಂಡಿಗೊಂದು ಫೋಟೋದಂತೆ ಇಟ್ಟ. ಹನ್ನೊಂದಕ್ಕೆಲ್ಲ ಮೆಮೊರಿ ಕಾರ್ಡ್ ತುಂಬಿ ಕ್ಯಾಮೆರಾ ಕೈಕಟ್ಟಿ ಕೂತಿತು. ಎರಡನೆಯ ದಿನ ನಿಮಿಷಕ್ಕೊಂದು ಎಂದು ಸರಿಪಡಿಸಿದ, ಬ್ಯಾಟರಿ ಚಾರ್ಜ್ ಮಾಡುವುದನ್ನೇ ಮರೆತಿದ್ದ. ಹನ್ನೆರಡಕ್ಕೆ ಅದೂ ಮುಗಿಯಿತು.

"ಇಷ್ಟು ವರ್ಷ ಡೀಸೆಲ್ ನೋಡ್ಕೊಂಡೇ ತಾನೇ ಬಸ್ ತೆಗೀತಿದ್ರಿ?" ಎಂದು ರಟ್ಟಕ್ಕ ಸಿಡುಕಿದಳು.

ಮೂರನೆಯ ದಿನ ಅವನು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ. ಬ್ಯಾಟರಿ ತುಂಬಿಸಿದ. ಫೋಕಸ್ ಅತ್ತಿತ್ತ ಹುಡುಕದಂತೆ ಕೈಯಲ್ಲೇ ಹೊಂದಿಸಿದ. ಬೆಳಕು ಎಷ್ಟಿರಬೇಕೆಂಬುದನ್ನೂ ಕ್ಯಾಮೆರಾಕ್ಕೆ ಬಿಡದೆ ತಾನೇ ಗೊತ್ತುಮಾಡಿದ, ಇಲ್ಲದಿದ್ದರೆ ಅದು ಪ್ರತಿ ಫೋಟೋವನ್ನೂ ತನ್ನಿಷ್ಟದಂತೆ ತಿದ್ದುತ್ತಿತ್ತು. ಟ್ರೈಪಾಡಿನ ಕಾಲುಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ದಾಟಿದವರಿಗೆ ಮಂಗಳಾರತಿ ಎಂದು ಎಚ್ಚರಿಸಿದ. ಹತ್ತರಿಂದ ಮೂರು ಗಂಟೆಯವರೆಗೆ ಮುನ್ನೂರು ಫೋಟೋ. ಊಟದ ಹೊತ್ತಿಗೆ ಎಂದಿನಂತೆ ಕೋಣೆಗೆ ಬೀಗ ಹಾಕಿ ಎಲ್ಲರೂ ಕ್ಯಾಂಟೀನಿಗೆ ಹೋದರು.

ಸಂಜೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಇಡೀ ದಿನ ಹನ್ನೆರಡು ಸೆಕೆಂಡು. ಅಂಟು, ಪ್ರೆಸ್, ಮೇಜಿನ ಮೇಲೆ ಸಾಲಾಗಿ ಹತ್ತು ಹೊದಿಕೆ. ಜನ ಮಾಯವಾದರು, ಕೋಣೆ ಖಾಲಿ. ಆಗ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಒಳಗೆ ಬಂದು, ತುದಿಯ ನಾಲ್ಕು ಹೊದಿಕೆಗಳ ಮೇಲೆ ಹಾದು ಹೊರಟುಹೋಯಿತು. ಅದು ಹಾದಂತೆಲ್ಲ ಆ ನಾಲ್ಕರ ಮೂಲೆಗಳು ಮೆಲ್ಲಗೆ ಎದ್ದವು. ಮತ್ತೆ ಜನ ಬಂದರು. ಅಷ್ಟರಲ್ಲಿ ಬಿಸಿಲಿನ ಸುಳಿವೂ ಇರಲಿಲ್ಲ.

"ಆ ಕಿಟಕಿಗೆ ಬಿಸಿಲೇ ಬರಲ್ವಲ್ರೀ! ಇಷ್ಟು ವರ್ಷದಲ್ಲಿ ಒಂದಿನಾನೂ ಬಂದಿಲ್ಲ!"

"ಎದುರಿಗಿರೋ ಹೊಸ ಕಟ್ಟಡಕ್ಕೆ ಗಾಜು ಕೂರಿಸಿದ್ದು ಯಾವಾಗ?"

ಎರಡು ತಿಂಗಳಾಗಿತ್ತು. ಗಾಜಿಗೆ ಹೊಡೆದ ಬಿಸಿಲು ತಿರುಗಿ ಕೋಣೆಯೊಳಗೆ ಬೀಳುತ್ತಿತ್ತು, ಅದೂ ಬೀಗ ಹಾಕಿದ ಮುಕ್ಕಾಲು ಗಂಟೆಯಲ್ಲೇ. ಹಸಿ ಹೊದಿಕೆಯ ಮೇಲ್ಭಾಗ ಥಟ್ಟನೆ ಒಣಗಿ ರಟ್ಟನ್ನು ಎಳೆಯುತ್ತಿತ್ತು.

"ಅಯ್ಯೋ, ಹಾಳಾದ ಗಾಜೇ! ಎರಡು ತಿಂಗಳು ನನ್ನ ಜೀವ ಹಿಂಡಿದೆಯಲ್ಲೋ!" ರಟ್ಟಕ್ಕ ನಕ್ಕಳು, ನಗುತ್ತಲೇ ಅತ್ತಳು, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದು ಮೈಯೆಲ್ಲ ಹಗುರಾಗಿತ್ತು. "ಕಿಟಕಿಗೊಂದು ದಪ್ಪ ಪರದೆ ಹಾಕಿದ್ರೆ ಮುಗೀತಲ್ಲ!"

ಗಂಡ ಮಾತ್ರ ವಿಡಿಯೊವನ್ನು ಮೊದಲಿಗೆ ಎಳೆದು, ಒಂದೊಂದೇ ಫೋಟೋ ಸರಿಸತೊಡಗಿದ. ಹತ್ತು ಗಂಟೆ. ಅವಳ ಕೈ, ಬ್ರಷ್, ಅಂಟು. ಬ್ರಷ್ ನಡುವಿನಿಂದ ಅಂಚಿಗೆ ಹೋಗುತ್ತದೆ, ಬಟ್ಟೆ ಮಡಚಿಕೊಳ್ಳುತ್ತದೆ, ಹೆಬ್ಬೆರಳು ಮೂಲೆ ಒತ್ತುತ್ತದೆ. ಮತ್ತೊಂದು ಹೊದಿಕೆ, ಅದೇ ಕೈ, ಅದೇ ಜಾಗ.

"ಎಲ್ಲಾದ್ರೂ ಅಂಟು ಬಿಟ್ಟಿದೀಯಾ, ತೋರಿಸು," ಎಂದ.

ರಟ್ಟಕ್ಕ ಕನ್ನಡಕ ಏರಿಸಿಕೊಂಡು, ಪರರ ತಪ್ಪು ಹುಡುಕುವಾಗಿನ ಅದೇ ಕಣ್ಣಿನಿಂದ ಆ ಒಂದು ಗಂಟೆಯ ಅರವತ್ತು ಫೋಟೋಗಳನ್ನೂ ನೋಡಿದಳು. ತನ್ನ ಕೈಯನ್ನು ಹೀಗೆ ಹೊರಗೆ ನಿಂತು ಅವಳು ಎಂದೂ ನೋಡಿರಲಿಲ್ಲ.

"ಒಂದು ಮೂಲೇನೂ ಬಿಟ್ಟಿಲ್ಲ ಕಣ್ರೀ," ಎಂದಳು ಮೆಲ್ಲಗೆ. ಆಮೇಲೆ, "ಇನ್ನೊಂದ್ಸಲ ಹಾಕಿ. ಬಿಸಿಲು ಬರೋ ಮುಂಚೆ ನಿಲ್ಲಿಸಿ."